ಮರಳುಗಾಡಿನ ಒಂಟಿ ಪಯಣ ಮತ್ತು ಒಂದು ಗಡುವು

ಮರಳುಗಾಡಿನಲ್ಲಿ ಒಬ್ಬರೇ ಹೋಗುವವರು ಆಪತ್ತಿನಲ್ಲಿ ಹೊರಜಗತ್ತನ್ನು ಹೇಗೆ ಮುಟ್ಟಬೇಕು ಎಂಬುದು ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ. ಮಳೆ, ಕಾಡು, ಕಡಲಿನ ನಾಡಿನವರಿಗೆ ಇದು ದೂರದ ಮಾತು ಅನ್ನಿಸಬಹುದು. ಆದರೆ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಎಷ್ಟೋ ಮನೆಗಳವರು ಸೌದಿ, ಒಮಾನ್, ಎಮಿರೇಟ್ಸ್‌ಗಳಲ್ಲಿ ದುಡಿಯುತ್ತಿದ್ದಾರೆ. ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಕನ್ನಡಿಗರು ರಜೆ ಸಿಕ್ಕಾಗ ಒಳನಾಡಿನ ಕೆಂಪು ಮಣ್ಣಿನ ದಾರಿ ಹಿಡಿಯುತ್ತಾರೆ. ಬೈಕಿನಲ್ಲಿ ಒಬ್ಬರೇ ಜೈಸಲ್ಮೇರ್‌ಗೆ ಹೊರಡುವ ಹುಡುಗ ಹುಡುಗಿಯರೂ ನಮ್ಮಲ್ಲಿದ್ದಾರೆ. ಇವರೆಲ್ಲ ಮೊದಲು ಕೇಳುವುದು ಯಾವ ಸಾಧನ ಕೊಳ್ಳಬೇಕು ಎಂದು. ಆ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ನನ್ನಿಂದ ಸುದ್ದಿ ಬಾರದೇ ಹೋದರೆ, ಎಷ್ಟು ಗಂಟೆಯ ಹೊತ್ತಿಗೆ, ಯಾರು, ಎಲ್ಲಿ ಹುಡುಕಲು ಶುರುಮಾಡುತ್ತಾರೆ? ಇದಕ್ಕೆ ಉತ್ತರ ಇಲ್ಲದವರ ಬ್ಯಾಗಿನಲ್ಲಿ ಎಂಥ ಸಾಧನವಿದ್ದರೂ ರಕ್ಷಣೆ ಅರ್ಧ ಮಾತ್ರ. ನನ್ನ ವಾದ ಇಷ್ಟೇ.

ಗಂಟೆಯ ಲೆಕ್ಕ ಏಕೆ ಮುಖ್ಯ ಎಂಬುದನ್ನು ನಮ್ಮ ಮೈಯೇ ಹೇಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಶರೀರವಿಜ್ಞಾನಿ ಇ. ಎಫ್. ಅಡಾಲ್ಫ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಸೈನಿಕರ ಬೆವರು, ತೂಕ, ನೀರಡಿಕೆಗಳನ್ನು ಅಳೆದರು. 1947ರಲ್ಲಿ ಅದು ಪುಸ್ತಕವಾಗಿ ಬಂತು. ಇಂದಿಗೂ ಮರುಭೂಮಿಯ ಕೈಪಿಡಿಗಳು ಆ ಕೋಷ್ಟಕಗಳನ್ನೇ ನೆಚ್ಚಿಕೊಂಡಿವೆ. ಹಗಲಿನ ಬಿಸಿಲು 49 ಡಿಗ್ರಿ ಸೆಲ್ಸಿಯಸ್ ಮುಟ್ಟುವಲ್ಲಿ, ನೀರಿಲ್ಲದೆ ನೆರಳಿನಲ್ಲಿ ಸುಮ್ಮನೆ ಮಲಗಿದ್ದರೆ ಬದುಕುವುದು ಸುಮಾರು ಎರಡು ದಿನ. ಹಗಲು ಮಲಗಿ ರಾತ್ರಿ ಮಾತ್ರ ನಡೆದರೂ ಅದು ಒಂದು ದಿನಕ್ಕೆ ಇಳಿಯುತ್ತದೆ. ಕೈಯಲ್ಲಿ ನಾಲ್ಕು ಲೀಟರ್ ನೀರಿದ್ದರೂ ಆ ಎರಡು ದಿನ ಹೆಚ್ಚೇನೂ ಹಿಗ್ಗುವುದಿಲ್ಲ; ಅಂಥ ಸೆಕೆಯಲ್ಲಿ ದುಡಿಯುವ ಮೈ ಗಂಟೆಗೆ ಒಂದು ಲೀಟರಿನಷ್ಟು ಬೆವರನ್ನು ಕಳೆದುಕೊಳ್ಳಬಲ್ಲದು. ಹಾಗಾಗಿ ತುರ್ತು ಸಂಪರ್ಕದ ಯಾವುದೇ ಏರ್ಪಾಡನ್ನು ಈ ಗಡಿಯಾರದ ಪಕ್ಕದಲ್ಲಿಟ್ಟು ನೋಡಬೇಕು. ನಾಲ್ಕನೆಯ ದಿನ ಬರುವ ಹೆಲಿಕಾಪ್ಟರ್ ಎಷ್ಟೇ ಆಧುನಿಕವಾಗಿದ್ದರೂ ಎರಡು ದಿನ ತಡ.

1943ರ ಏಪ್ರಿಲ್ 4ರಂದು ಲಿಬಿಯಾದ ಸೊಲೂಕ್ ನೆಲೆಯಿಂದ ನೇಪಲ್ಸ್ ಮೇಲೆ ದಾಳಿಗೆ ಹೊರಟ ‘ಲೇಡಿ ಬಿ ಗುಡ್’ ಎಂಬ ಅಮೆರಿಕನ್ ಬಾಂಬರ್ ವಿಮಾನದ ಕಥೆ ಇಲ್ಲಿ ಗಮನಿಸತಕ್ಕದ್ದು. ಹಿಂತಿರುಗುವಾಗ ರಾತ್ರಿಯ ಕತ್ತಲಲ್ಲಿ ಅದು ತನ್ನ ನೆಲೆಯನ್ನು ದಾಟಿ ಸಹಾರಾದ ಒಳಕ್ಕೆ ನೂರಾರು ಕಿಲೋಮೀಟರ್ ಹೋಗಿಬಿಟ್ಟಿತು. ಇಂಧನ ಮುಗಿಯುತ್ತ ಬಂದಾಗ ಒಂಬತ್ತು ಮಂದಿಯೂ ಪ್ಯಾರಾಚೂಟಿನಲ್ಲಿ ಹಾರಿಕೊಂಡರು. ಎಂಟು ಜನ ಒಂದೆಡೆ ಸೇರಿ, ಕಡಲು ಹತ್ತಿರವಿದೆಯೆಂದು ನಂಬಿ, ಅರ್ಧ ಕ್ಯಾಂಟೀನ್ ನೀರು ಹಿಡಿದುಕೊಂಡು ಉತ್ತರಕ್ಕೆ ನಡೆದರು. ಮಂದಿಯಿಲ್ಲದ ವಿಮಾನ ಇನ್ನೂ ಸುಮಾರು 25 ಕಿಲೋಮೀಟರ್ ದಕ್ಷಿಣಕ್ಕೆ ಹಾರಿ ಮರಳಿನ ಮೇಲೆ ಹೊಟ್ಟೆ ಹಚ್ಚಿ ಇಳಿಯಿತು. ಅದರ ಅವಶೇಷ 1958ರಲ್ಲಿ ತೈಲ ಹುಡುಕುವವರ ಕಣ್ಣಿಗೆ ಬಿತ್ತು. ಮರುವರ್ಷ ಅದರ ಬಳಿಗೆ ಹೋದವರಿಗೆ ಒಳಗೆ ಕುಡಿಯುವ ನೀರು ಸಿಕ್ಕಿತು, ಕೆಲಸ ಮಾಡುವ ಸ್ಥಿತಿಯಲ್ಲಿದ್ದ ರೇಡಿಯೋ ಸಿಕ್ಕಿತು. ಆ ಎಂಟು ಜನರಲ್ಲಿ ಯಾರೂ ಉಳಿದಿರಲಿಲ್ಲ. ಸಹಪೈಲಟ್ ಬರೆದ ಪುಟ್ಟ ದಿನಚರಿ ಏಪ್ರಿಲ್ 12ಕ್ಕೆ ನಿಂತಿತ್ತು. ರೇಡಿಯೋ ಒಂದು ಕಡೆ, ಮನುಷ್ಯರು ಇನ್ನೊಂದು ಕಡೆ ಎಂಬುದು ಇದರ ಅರ್ಧ ಪಾಠ. ಹುಡುಕಾಟ ನಡೆಯಲಿಲ್ಲವೆಂದಲ್ಲ, ನಡೆಯಿತು; ಆದರೆ ವಿಮಾನ ಮೆಡಿಟರೇನಿಯನ್ ಸಮುದ್ರಕ್ಕೆ ಬಿದ್ದಿರಬೇಕೆಂದು ಊಹಿಸಿ ನೀರಿನ ಮೇಲೆ ಹುಡುಕಿದರು. ಇನ್ನರ್ಧ ಪಾಠ ಇದು. ಕಾಣೆಯಾದವರು ಎಲ್ಲಿದ್ದಾರೆ ಎನ್ನುವುದರಷ್ಟೇ, ಅವರು ಎಲ್ಲಿದ್ದಾರೆಂದು ಹುಡುಕುವವರು ನಂಬಿದ್ದಾರೆ ಎನ್ನುವುದೂ ಪ್ರಾಣದ ಪ್ರಶ್ನೆ.

ಸಾಧನಗಳು ಆಗಿನಿಂದ ಬಹಳ ಮುಂದೆ ಬಂದಿವೆ. ಇಂದು ಒಂಟಿ ಪಯಣಿಗರಿಗೆ ನಾನು ಮೊದಲು ಹೇಳುವ ಸಾಧನ ಪಿಎಲ್‌ಬಿ, ಅಂದರೆ ಪರ್ಸನಲ್ ಲೊಕೇಟರ್ ಬೀಕನ್. ಅಂಗೈಯಲ್ಲಿ ಹಿಡಿಯುವಷ್ಟು ಪೆಟ್ಟಿಗೆ. ಪಕ್ಕದಲ್ಲಿ ಬಡಗಿಯ ಅಳತೆ ಟೇಪಿನಂತೆ ಸುತ್ತಿಕೊಂಡ ಉಕ್ಕಿನ ಪಟ್ಟಿ. ಮುಚ್ಚಳದ ಸೀಲು ಮುರಿದು ಆ ಪಟ್ಟಿ ಬಿಚ್ಚಿದರೆ ಅದೇ ಆಂಟೆನಾ. ಗುಂಡಿಯನ್ನು ಒತ್ತಿ, ಆಂಟೆನಾ ಆಕಾಶಕ್ಕೆ ನೆಟ್ಟಗೆ ನಿಲ್ಲುವಂತೆ ಬಯಲಲ್ಲಿ ಇಟ್ಟರೆ ದೀಪ ಮಿಣುಕತೊಡಗುತ್ತದೆ. ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡ್ ಮಾತ್ರ, 406 ಮೆಗಾಹರ್ಟ್ಸ್‌ನಲ್ಲಿ 5 ವಾಟ್ ಶಕ್ತಿಯ ಸಂಕೇತ ಹೊರಡುತ್ತದೆ. ಆ ಸಂಕೇತದಲ್ಲಿ ಬೀಕನ್ನಿನ ಗುರುತು ಇರುತ್ತದೆ. ಜಿಪಿಎಸ್ ಇದ್ದರೆ ಸುಮಾರು ನೂರು ಮೀಟರಿನ ನಿಖರತೆಯಲ್ಲಿ ಜಾಗವೂ ಇರುತ್ತದೆ. ಕನಿಷ್ಠ 24 ಗಂಟೆ ಹೀಗೆ ಕೂಗುತ್ತಲೇ ಇರುತ್ತದೆ. ಹತ್ತಿರ ಬಂದ ಹೆಲಿಕಾಪ್ಟರ್ ದಿಕ್ಕು ಹಿಡಿಯಲೆಂದು 121.5 ಮೆಗಾಹರ್ಟ್ಸ್‌ನ ಇನ್ನೊಂದು ಸಂಕೇತವೂ ಉಂಟು. ಚಂದಾ ಕಟ್ಟಬೇಕಿಲ್ಲ, ಚಾರ್ಜ್ ಮಾಡಬೇಕಿಲ್ಲ. ಬ್ಯಾಟರಿ ವರ್ಷಗಟ್ಟಲೆ ಹಾಗೆಯೇ ಕಾಯುತ್ತದೆ. ಇದನ್ನು ಕೇಳಿಸಿಕೊಳ್ಳುವ ಉಪಗ್ರಹ ವ್ಯವಸ್ಥೆಯ ಹೆಸರು ಕೋಸ್ಪಾಸ್-ಸಾರ್‌ಸ್ಯಾಟ್. ಶೀತಲ ಸಮರದ ನಡುವೆಯೇ, 1979ರಲ್ಲಿ, ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ಸೇರಿ ಇದಕ್ಕೆ ಒಪ್ಪಂದ ಮಾಡಿಕೊಂಡವು. 1982ರ ಸೆಪ್ಟೆಂಬರಿನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಿದ್ದ ಸಣ್ಣ ವಿಮಾನದವರನ್ನು ಬದುಕಿಸಿದ್ದು ಇದರ ಮೊದಲ ಕೆಲಸ. ಅಲ್ಲಿಂದೀಚೆಗೆ 50 ಸಾವಿರಕ್ಕೂ ಹೆಚ್ಚು ಜನರ ರಕ್ಷಣೆಯಲ್ಲಿ ಇದರ ಪಾಲಿದೆ.

ಈ ಸರಪಳಿಯ ಒಂದು ಕೊಂಡಿ ಬೆಂಗಳೂರಿನಲ್ಲಿದೆ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಪೀಣ್ಯದ ಇಸ್ಟ್ರ್ಯಾಕ್, ಅಂದರೆ ಇಸ್ರೋದ ಟೆಲಿಮೆಟ್ರಿ ಮತ್ತು ಟ್ರ್ಯಾಕಿಂಗ್ ಜಾಲದ ಆವರಣದಲ್ಲಿ ಭಾರತದ ಮಿಷನ್ ಕಂಟ್ರೋಲ್ ಸೆಂಟರ್ ಹಗಲೂ ರಾತ್ರಿ ಕೆಲಸ ಮಾಡುತ್ತದೆ. ನಮ್ಮ ದೇಶಕ್ಕಷ್ಟೇ ಅಲ್ಲದೆ ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಮೊದಲಾದ ನೆರೆಯವರಿಗೂ ಇದೇ ಕೇಂದ್ರ. ಪ್ರತಿ ಬೀಕನ್ನಿನ ಸಂಕೇತದಲ್ಲಿ ಒಂದು ದೇಶದ ಅಂಕಿ ಇರುತ್ತದೆ, ಭಾರತದ್ದು 419. ಆ ಅಂಕಿಯ ಬೀಕನ್ ಜಗತ್ತಿನ ಯಾವ ಮೂಲೆಯಲ್ಲಿ ಕೂಗಿದರೂ, ಅಲ್ಲಿನ ರಕ್ಷಣಾ ಕೇಂದ್ರಕ್ಕೆ ಸುದ್ದಿ ಹೋಗುವುದರ ಜೊತೆಗೆ ಬೆಂಗಳೂರಿಗೂ ಬರುತ್ತದೆ. ಇಲ್ಲಿ ಸಾಧನದ ಬೆಲೆ ನೋಂದಣಿಯ ಮೇಲೆ ನಿಂತಿದೆ. ಬರುವ ಕೂಗುಗಳಲ್ಲಿ ಬಹುಪಾಲು ಕೈತಪ್ಪಿ ಒತ್ತಿದವು. ಹಾಗಾಗಿ ರಕ್ಷಣಾ ಕೇಂದ್ರದವರು ನೋಂದಣಿಯಲ್ಲಿರುವ ನಂಬರಿಗೆ ಫೋನು ಮಾಡಿ ವಿಚಾರಿಸುತ್ತಾರೆ: ಇವರು ಈಗ ಎಲ್ಲಿದ್ದಾರೆ, ಯಾವ ಗಾಡಿ, ಎಷ್ಟು ನೀರು, ಸಕ್ಕರೆ ಕಾಯಿಲೆ ಇದೆಯೇ? ಎಲ್ಲಕ್ಕಿಂತ ಯಾಂತ್ರಿಕವಾದ ಈ ಸಾಧನವೂ ಕೊನೆಗೆ ಒಂದು ಮನೆಯ ಫೋನಿನಲ್ಲಿ ಬಂದು ನಿಲ್ಲುತ್ತದೆ. ಫೋನು ಎತ್ತಿದ ಅಮ್ಮನಿಗೋ ಅಣ್ಣನಿಗೋ ಏನೂ ಗೊತ್ತಿಲ್ಲದಿದ್ದರೆ ಆ ಕೊಂಡಿ ಅಲ್ಲೇ ಸಡಿಲ.

ಮಿಕ್ಕ ಸಾಧನಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಉಪಗ್ರಹ ಮೆಸೆಂಜರ್‌ಗಳು ಎರಡೂ ಕಡೆಯ ಸಂದೇಶ ಒಯ್ಯುತ್ತವೆ. ಹಾವು ಕಚ್ಚಿದೆಯೋ, ಬರೀ ಆಕ್ಸಲ್ ಮುರಿದಿದೆಯೋ ಎಂದು ತಿಳಿಸಬಹುದಾದ್ದರಿಂದ ಸಣ್ಣ ತೊಂದರೆ ಸಣ್ಣದಾಗಿಯೇ ಉಳಿಯುತ್ತದೆ. ಪಿಎಲ್‌ಬಿಗೆ ಈ ವಿವೇಚನೆ ಇಲ್ಲ. ಆದರೆ ಮೆಸೆಂಜರಿಗೆ ಚಂದಾ ಚಾಲ್ತಿಯಲ್ಲಿರಬೇಕು, ಬ್ಯಾಟರಿ ತುಂಬಿರಬೇಕು. ಉಪಗ್ರಹ ಫೋನಿನಲ್ಲಿ ವೈದ್ಯರೊಡನೆ ನೇರ ಮಾತಾಡಬಹುದು, ಅದಕ್ಕಿಂತ ಸಮಾಧಾನ ಇನ್ನೊಂದಿಲ್ಲ. ಆದರೂ ಒಂದೇ ಕಂಪನಿಯ ಒಂದೇ ಉಪಗ್ರಹವನ್ನು ನೆಚ್ಚಬಾರದು: 2024ರ ಏಪ್ರಿಲ್‌ನಲ್ಲಿ ತುರಾಯಾ-3 ಉಪಗ್ರಹ ಕೆಟ್ಟಾಗ ಆಸ್ಟ್ರೇಲಿಯಾದಲ್ಲಿ ಅದರ ಫೋನುಗಳೆಲ್ಲ ಮೂಕವಾದವು, ಆ ಸೇವೆ ಮತ್ತೆ ಬರಲಿಲ್ಲ. ನಮ್ಮ ಥಾರ್‌ನಲ್ಲಂತೂ ಕಾನೂನಿನ ಮಾತೇ ಮೊದಲು. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಉಪಗ್ರಹ ಫೋನು ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ತುರಾಯಾ, ಇರಿಡಿಯಂ ಫೋನುಗಳಿಗೆ ನಿಷೇಧವೇ ಇದೆ. ಉಪಗ್ರಹ ಮೆಸೆಂಜರ್ ತಂದ ವಿದೇಶಿ ಚಾರಣಿಗರನ್ನು ವಿಮಾನ ನಿಲ್ದಾಣಗಳಲ್ಲಿ ತಡೆಹಿಡಿದದ್ದೂ ಉಂಟು. ಗಡಿಯ ಪಕ್ಕದ ಮರುಭೂಮಿಯಲ್ಲಿ ಈ ನಿಯಮವನ್ನು ಹಗುರವಾಗಿ ಕಾಣಬಾರದು. ಅದೃಷ್ಟಕ್ಕೆ ಥಾರ್ ಜಗತ್ತಿನ ಅತಿ ಜನನಿಬಿಡ ಮರುಭೂಮಿಗಳಲ್ಲೊಂದು. ಅಲ್ಲಿ ಮುಂದಿನ ಢಾಣಿಯವರಿಗೆ, ಅಂದರೆ ಪುಟ್ಟ ಹಳ್ಳಿಯವರಿಗೆ, ಮುಂಚೆಯೇ ಹೇಳಿ ಹೊರಡುವುದು ಎಷ್ಟೋ ಸಾಧನಗಳಿಗಿಂತ ಮೇಲು.

ಈಗ ಒಂಟಿತನದ ಮಾತಿಗೆ ಬರುತ್ತೇನೆ, ವಾದದ ಗಂಟು ಇರುವುದು ಅಲ್ಲಿ. ಇಲ್ಲಿಯವರೆಗೆ ಹೇಳಿದ ಸಾಧನಗಳೆಲ್ಲ ಒಂದು ಕೈಯನ್ನು ಬೇಡುತ್ತವೆ. ಗುಂಡಿ ಒತ್ತಬೇಕು, ಆಂಟೆನಾ ಬಿಚ್ಚಬೇಕು, ಅಕ್ಷರ ಟೈಪು ಮಾಡಬೇಕು. ಇಬ್ಬರಿದ್ದರೆ ಒಬ್ಬರ ಪ್ರಜ್ಞೆ ತಪ್ಪಿದರೂ ಇನ್ನೊಬ್ಬರ ಕೈ ಇರುತ್ತದೆ. ಒಬ್ಬರೇ ಹೋದವರ ಗಾಡಿ ಮಗುಚಿ ಅವರು ಹತ್ತು ಮಾರು ದೂರ ಎಸೆಯಲ್ಪಟ್ಟರೆ, ಡ್ಯಾಶ್‌ಬೋರ್ಡಿನಲ್ಲಿಟ್ಟ ಬೀಕನ್ನಿಗೂ ಅವರಿಗೂ ನಡುವಿನ ಆ ಹತ್ತು ಮಾರೇ ದಾಟಲಾಗದ ದೂರ. ಆದ್ದರಿಂದಲೇ ಬೀಕನ್ ಗಾಡಿಯಲ್ಲಲ್ಲ, ಮೈಮೇಲೆ, ಬೆಲ್ಟಿಗೋ ಅಂಗಿಯ ಜೇಬಿಗೋ ಇರಬೇಕು. ಮೈಮೇಲೆ ಇದ್ದರೂ ಬಿಸಿಲು ತಲೆಗೇರಿದವರ ಬುದ್ಧಿ ಮಂಕಾಗುತ್ತದೆ, ಒತ್ತಬೇಕೆಂಬುದೇ ತೋಚದಿರಬಹುದು. ಕೈ ಆಡದಿದ್ದರೂ, ಬುದ್ಧಿ ಓಡದಿದ್ದರೂ ಕೆಲಸ ಮಾಡುವ ಏರ್ಪಾಡು ಒಂದೇ ಇದೆ: ಸುದ್ದಿ ಬಾರದಿರುವುದನ್ನೇ ಸುದ್ದಿಯೆಂದು ಓದುವ ಒಬ್ಬ ಮನುಷ್ಯ, ಮತ್ತು ಅವರಿಗೆ ಕೊಟ್ಟ ಗಡುವು.

ಇದು ಹೊಸ ಕಾಣ್ಕೆಯೇನಲ್ಲ. 1928ರಲ್ಲಿ ಆಸ್ಟ್ರೇಲಿಯಾದ ಕ್ಲಾನ್‌ಕರಿಯಲ್ಲಿ ಪಾದ್ರಿ ಜಾನ್ ಫ್ಲಿನ್ ವಿಮಾನದ ವೈದ್ಯಸೇವೆ ಆರಂಭಿಸಿದಾಗ, ರೋಗಿಯ ಸುದ್ದಿ ವೈದ್ಯರಿಗೆ ತಲುಪುವುದೇ ದೊಡ್ಡ ತೊಡಕಾಗಿತ್ತು. ಮರುವರ್ಷ ಆಲ್ಫ್ರೆಡ್ ಟ್ರೇಗರ್ ಕಾಲಿನಲ್ಲಿ ತುಳಿದು ವಿದ್ಯುತ್ ಹುಟ್ಟಿಸುವ ರೇಡಿಯೋವನ್ನು ದೂರದ ಒಂಟಿ ಜಾನುವಾರು ಸಾಕಣೆ ನೆಲೆಗಳಿಗೆ ತಲುಪಿಸಿದರು. ಆ ಯಂತ್ರದ ಜಾಣ್ಮೆಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಸುತ್ತ ಬೆಳೆದ ಪದ್ಧತಿ: ಗೊತ್ತಾದ ಹೊತ್ತಿಗೆ ಆ ತುದಿಯಲ್ಲಿ ಒಬ್ಬರು ಕಿವಿಗೊಟ್ಟು ಕೂರುತ್ತಿದ್ದರು. ಇಂದಿಗೂ ಆ ದೇಶದ ಎಚ್‌ಎಫ್ ರೇಡಿಯೋ ಜಾಲಗಳು ದಿನವೂ ನಿಗದಿತ ವೇಳೆಗೆ ಪಯಣಿಗರ ಹಾಜರಿ ಕೇಳುತ್ತವೆ. ಇದಕ್ಕೆ ವಿರುದ್ಧವಾದದ್ದನ್ನು 1996ರ ಬೇಸಿಗೆಯಲ್ಲಿ ಅಮೆರಿಕದ ಡೆತ್ ವ್ಯಾಲಿಯಲ್ಲಿ ನೋಡುತ್ತೇವೆ. ಅಲ್ಲಿಗೆ ಬಂದ ನಾಲ್ವರು ಜರ್ಮನ್ ಪ್ರವಾಸಿಗಳು, ಅವರಲ್ಲಿ ಇಬ್ಬರು ಮಕ್ಕಳು, ಜುಲೈ ಕೊನೆಯಲ್ಲಿ ಊರಿಗೆ ಮರಳಬೇಕಿತ್ತು, ಮರಳಲಿಲ್ಲ. ಅವರು ಯಾವ ಕಣಿವೆಗೆ ಇಳಿದರೆಂದು ತಿಳಿದವರು ಯಾರೂ ಇರಲಿಲ್ಲ. ಬಾಡಿಗೆ ಗಾಡಿ ಒಂದು ನಿರ್ಜನ ಕಣಿವೆಯಲ್ಲಿ ಕಣ್ಣಿಗೆ ಬಿದ್ದದ್ದು ಅಕ್ಟೋಬರಿನಲ್ಲಿ; ಮೂಳೆಗಳು ಸಿಕ್ಕಿದ್ದು 2009ರಲ್ಲಿ. ಅಡಾಲ್ಫರ ಎರಡು ದಿನಗಳ ಪಕ್ಕದಲ್ಲಿ ಈ ತಿಂಗಳುಗಳನ್ನು ಇಟ್ಟು ನೋಡಿ.

ಗಡುವಿನ ಜೊತೆಗೆ ದಾರಿಯನ್ನೂ ಬರೆದು ಕೊಡಬೇಕು. ಏಕೆಂಬುದಕ್ಕೆ ಸರಳ ಗಣಿತವಿದೆ. ಒಬ್ಬರು ಒಂದು ಊರಿನಿಂದ 300 ಕಿಲೋಮೀಟರ್ ಒಳಗೆ ಎಲ್ಲೋ ಇದ್ದಾರೆ ಎಂದಷ್ಟೇ ಗೊತ್ತಿದ್ದರೆ ಹುಡುಕಬೇಕಾದ ವೃತ್ತ ಸುಮಾರು 2.8 ಲಕ್ಷ ಚದರ ಕಿಲೋಮೀಟರ್. ಇಡೀ ಕರ್ನಾಟಕಕ್ಕಿಂತ ದೊಡ್ಡದು. ಇದೇ ದಾರಿಯಲ್ಲಿ ಹೋಗುತ್ತೇನೆ, ಇಲ್ಲಿಂದ ಕದಲುವುದಿಲ್ಲ ಎಂದು ಬರೆದು ಕೊಟ್ಟಿದ್ದರೆ, ದಾರಿಯ ಎರಡೂ ಬದಿ ಐದೈದು ಕಿಲೋಮೀಟರ್ ಸೇರಿಸಿದರೂ 3 ಸಾವಿರ ಚದರ ಕಿಲೋಮೀಟರ್ ಮಾತ್ರ. ಒಂದು ಕಾಗದದ ಚೂರು ಹುಡುಕಾಟವನ್ನು ತೊಂಬತ್ತು ಪಾಲು ಕುಗ್ಗಿಸಿತು. ಮತ್ತೆ, ಕೊಟ್ಟ ಮಾತಿಗೆ ತಪ್ಪಿ ದಾರಿ ಬದಲಿಸಿದರೆ ಆ ಕಾಗದವೇ ಹುಡುಕುವವರನ್ನು ದಾರಿ ತಪ್ಪಿಸುತ್ತದೆ. ಬದಲಿಸುವುದಾದರೆ ಮೊದಲು ತಿಳಿಸಿಯೇ ಬದಲಿಸಬೇಕು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು: ಇನ್ನೇನು ಪ್ರತಿ ಮೊಬೈಲೂ ಉಪಗ್ರಹಕ್ಕೆ ಮಾತಾಡುತ್ತದೆ, ಈ ಗಡುವು, ಕಾಗದಗಳ ಕಾಲ ಮುಗಿಯಿತು. 2022ರ ನವೆಂಬರಿನಿಂದ ಐಫೋನ್ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಲ್ಲದು ಎಂಬುದು ನಿಜ, ದೊಡ್ಡ ಹೆಜ್ಜೆಯೂ ಹೌದು. ಆದರೆ ಆ ಸೇವೆ ಕೆಲವೇ ದೇಶಗಳಲ್ಲಿದೆ. ಫೋನನ್ನು ಉಪಗ್ರಹದ ದಿಕ್ಕಿಗೆ ಹಿಡಿದು ನಿಲ್ಲಬೇಕು, ಮತ್ತೆ ಅದೇ ಕೈಯ ಪ್ರಶ್ನೆ. ತಯಾರಕರು ಆ ಫೋನಿಗೆ ಹೇಳುವ ಬಳಕೆಯ ಮಿತಿ 35 ಡಿಗ್ರಿ. ಮರುಭೂಮಿಯ ಮಧ್ಯಾಹ್ನ ಅದನ್ನು ಎಂದೋ ದಾಟಿರುತ್ತದೆ. ಪಿಎಲ್‌ಬಿಯನ್ನು 55 ಡಿಗ್ರಿಯವರೆಗೆ ಕೆಲಸ ಮಾಡುವಂತೆ ಕಟ್ಟಿರುತ್ತಾರೆ. ದಾರಿ ತೋರಿಸುವುದಕ್ಕೂ, ಫೋಟೋಗೂ, ಹಾಡಿಗೂ ದುಡಿದು ಸೋತ ಬ್ಯಾಟರಿಯ ಮೇಲೆ ಜೀವವನ್ನು ಪೂರ್ತಿ ಹೊರಿಸಬಾರದು.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಗಡುವು ತಪ್ಪುವುದು ಸಹಜ. ಪಂಕ್ಚರ್ ಆಗಿ ಮೂರು ತಾಸು ತಡವಾದರೆ ವಿಮಾನ ಹಾರಿಸಬೇಕೇ, ಅದರ ಖರ್ಚು ಯಾರದು, ಹುಡುಕಲು ಹೋದವರ ಜೀವಕ್ಕೇನು ಬೆಲೆ? ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಅದಕ್ಕಾಗಿಯೇ ಗಡುವು ಎರಡು ಮೆಟ್ಟಿಲಿನದಾಗಿರಬೇಕು. ಸಂಜೆ ಆರಕ್ಕೆ ಸುದ್ದಿ ಬಾರದಿದ್ದರೆ ಮನೆಯವರು ಮುಂದಿನ ಊರಿನ ಪೆಟ್ರೋಲ್ ಬಂಕಿಗೋ ವಸತಿಗೋ ಫೋನು ಮಾಡಿ ಕೇಳುವುದು; ಬೆಳಿಗ್ಗೆ ಆರಕ್ಕೂ ಇಲ್ಲವಾದರೆ ಪೊಲೀಸರಿಗೆ ತಿಳಿಸುವುದು. ಆ ನಡುವಿನ ಹನ್ನೆರಡು ತಾಸಿಗೆ ಬೇಕಾದ ನೀರು ಗಾಡಿಯಲ್ಲಿ ಎಂದೂ ಮುಟ್ಟದಂತೆ ಬೇರೆಯೇ ಇರಬೇಕು. ಮೆಸೆಂಜರಿನ ನಿಜವಾದ ಉಪಯೋಗ ಇಲ್ಲಿದೆ: ‘ತಡವಾಗುತ್ತದೆ, ಕ್ಷೇಮ’ ಎಂಬ ಒಂದು ಸಾಲು ದೊಡ್ಡ ಹುಡುಕಾಟವನ್ನು ತಪ್ಪಿಸುತ್ತದೆ. ಇನ್ನು, ಸಾಧನ ಕೈಯಲ್ಲಿದ್ದರೆ ಜನ ಮೈಮರೆತು ಧೈರ್ಯ ಮಾಡುತ್ತಾರೆ ಎನ್ನುವವರಿದ್ದಾರೆ. ಗುಂಡಿಯನ್ನಷ್ಟೇ ನಂಬಿದವರು ಹಾಗೆ ಮಾಡಿಯಾರು. ಹೊರಡುವ ಮುನ್ನ ದಾರಿ, ನೀರು, ಹೊತ್ತುಗಳನ್ನು ಇನ್ನೊಬ್ಬರಿಗೆ ವಿವರಿಸಿ ಬರೆದುಕೊಡಬೇಕಾದವರಿಗೆ ತಮ್ಮ ಯೋಜನೆಯ ತೂತುಗಳು ಅಲ್ಲೇ ಕಾಣುತ್ತವೆ.

ಏಕಾಂತವನ್ನೇ ಅರಸಿ ಹೋಗುವವರಿಗೆ ಈ ಹಾಜರಿ ಕೊಡುವ ಕೆಲಸ ಸಂಕೋಲೆಯಂತೆ ಕಾಣಬಹುದು. ಅವರ ಬಯಕೆಯ ಬಗ್ಗೆ ನನಗೆ ಗೌರವವಿದೆ. ಜನವಿಲ್ಲದ ಬಯಲಿನಲ್ಲಿ ಒಬ್ಬರೇ ಇರಬೇಕೆನ್ನುವುದು ಮನುಷ್ಯರ ಹಳೆಯ, ಘನವಾದ ಆಸೆಗಳಲ್ಲೊಂದು. ಆದರೆ ದಿನಕ್ಕೊಂದು ಸಾಲಿನ ಸಂದೇಶ ಆ ಏಕಾಂತವನ್ನು ಕದಡುವುದಿಲ್ಲ. ಅವರು ಕಾಣೆಯಾದರೆ, ಎಲ್ಲಿಗೆ ಹೋದರೆಂದೇ ತಿಳಿಯದ ಮನೆಯವರು ವರ್ಷಗಟ್ಟಲೆ ಬದುಕುವ ಬದುಕನ್ನೂ ತಕ್ಕಡಿಯ ಆ ಕಡೆ ಇಡಬೇಕು.

ಕರೆದ ಮೇಲೆ ಕಾಯಬೇಕು, ಕಾಣಿಸಿಕೊಳ್ಳಲೂ ಬೇಕು. 1998ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಐರ್ ಸರೋವರದ ದಂಡೆಯಲ್ಲಿ ಆಸ್ಟ್ರಿಯಾದ ಜೋಡಿಯೊಂದರ ವ್ಯಾನು ಮರಳಿನಲ್ಲಿ ಹೂತಿತು. ಅಲ್ಲಿ ನೀರಿನ ತೊಟ್ಟಿಯಿತ್ತು. ಸಹಾಯ ತರುತ್ತೇನೆಂದು ನಡೆದು ಹೊರಟ ಯುವತಿ ದಾರಿಯಲ್ಲೇ ತೀರಿಕೊಂಡರು. ವ್ಯಾನಿನ ಬಳಿ ಉಳಿದವರು ಬದುಕಿದರು. ಮೇಲಿನಿಂದ ನೋಡುವವರಿಗೆ ಗಾಡಿ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. 1994ರಲ್ಲಿ ಮೊರಾಕ್ಕೋದ ಮರುಭೂಮಿ ಓಟದಲ್ಲಿ ಮರಳುಬಿರುಗಾಳಿಗೆ ದಾರಿ ತಪ್ಪಿದ ಇಟಲಿಯ ಮೌರೋ ಪ್ರೊಸ್ಪೆರಿ ಹುಡುಕಲು ಬಂದ ಹೆಲಿಕಾಪ್ಟರಿಗೆ ತುರ್ತು ಬೆಳಕಿನ ಬಾಣ ಹಾರಿಸಿದರು. ಪೈಲಟ್‌ಗೆ ಅದು ಕಾಣಲೇ ಇಲ್ಲ. ಅವರು ಬದುಕಿದ್ದು ಎಷ್ಟೋ ದಿನಗಳ ಮೇಲೆ, ಅಲ್ಜೀರಿಯಾದ ಗಡಿಯೊಳಗೆ, ಅಲೆಮಾರಿ ಕುಟುಂಬವೊಂದರ ಕರುಣೆಯಿಂದ. ಆದ್ದರಿಂದ ಕನ್ನಡಿಯ ಚೂರು, ಕಿತ್ತಳೆ ಬಣ್ಣದ ಟಾರ್ಪಾಲು, ಕಪ್ಪು ಹೊಗೆಗೆ ಒಂದು ಹಳೆಯ ಟಯರು, ಇವೂ ಸಂಪರ್ಕ ಸಾಧನಗಳೇ.

ಕೊನೆಯದಾಗಿ, ತಮ್ಮ ಇಚ್ಛೆಯಿಂದ ಹೋಗದವರ ವಿಷಯ. 2024ರ ಆಗಸ್ಟಿನಲ್ಲಿ ಸೌದಿಯ ರುಬ್ ಅಲ್ ಖಾಲಿಯಲ್ಲಿ ತೆಲಂಗಾಣದ ಯುವಕನೊಬ್ಬ ಮತ್ತು ಅವನ ಸುಡಾನಿ ಸಹೋದ್ಯೋಗಿ ತೀರಿಕೊಂಡರು. ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡದು ಆ ಮರುಭೂಮಿ. ಯುವಕ ದುಡಿಯುತ್ತಿದ್ದುದು ದೂರಸಂಪರ್ಕದ ಕಂಪನಿಯಲ್ಲೇ. ಪತ್ರಿಕೆಗಳು ವರದಿ ಮಾಡಿದಂತೆ ಜಿಪಿಎಸ್ ಕೈಕೊಟ್ಟಿತು, ಫೋನಿನ ಬ್ಯಾಟರಿ ಸತ್ತಿತು, ಗಾಡಿಯ ಇಂಧನ ಮುಗಿಯಿತು. ನಾಲ್ಕು ದಿನದ ಮೇಲೆ ಇಬ್ಬರೂ ಗಾಡಿಯ ಪಕ್ಕದಲ್ಲೇ ಸಿಕ್ಕರು. ಇವರು ಗಾಡಿ ಬಿಟ್ಟು ಹೋಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಕರಾವಳಿಯ ಯಾವ ಮನೆಯ ಹುಡುಗನೂ ಆ ಜಾಗದಲ್ಲಿ ಇರಬಹುದಿತ್ತು. ಪ್ರವಾಸಿಗೆ ನಾನು ಸಲಹೆ ಕೊಡಬಲ್ಲೆ. ಕೆಲಸಕ್ಕೆ ಕಳಿಸಲ್ಪಡುವವರಿಗೆ ಈ ಏರ್ಪಾಡು ಹಕ್ಕಾಗಿ ಸಿಗಬೇಕು. ವಿದೇಶಕ್ಕೆ ದುಡಿಯಲು ಹೋಗುವವರಿಗೆ ಕೇಂದ್ರ ಸರ್ಕಾರ ಹೊರಡುವ ಮುನ್ನ ಒಂದು ದಿನದ ತರಬೇತಿ ನಡೆಸುತ್ತದೆ. ಅದರಲ್ಲಿ ಒಂದು ತಾಸನ್ನು ಇದಕ್ಕೆ ಮೀಸಲಿಡಬೇಕೆಂದು ಈ ವೇದಿಕೆಯಿಂದ ಒತ್ತಾಯಿಸುತ್ತೇನೆ. ಟವರ್ ಇಲ್ಲದ ಕಡೆಗೆ ಗಾಡಿ ಹೊರಡುವ ಮೊದಲು ಮೇಲಧಿಕಾರಿಯನ್ನು ಹೀಗೆ ಕೇಳಲು ಕೆಲಸಗಾರರಿಗೆ ಅಲ್ಲಿ ಕಲಿಸಬೇಕು: ನಾನು ಇಷ್ಟು ಗಂಟೆಗೆ ಮರಳದಿದ್ದರೆ ಯಾರಿಗೆ ತಿಳಿಯುತ್ತದೆ, ಅವರ ಹೆಸರೇನು, ನನ್ನ ದಾರಿಯನ್ನು ಅವರು ಎಲ್ಲಿ ಬರೆದಿಟ್ಟುಕೊಂಡಿದ್ದಾರೆ, ನನ್ನ ಮೈಮೇಲೆ ಕಟ್ಟಿಕೊಳ್ಳಲು ಬೀಕನ್ ಎಲ್ಲಿ?